ಹದಿನಾಲ್ಕು ಇಂಜಿನ್, ಒಂದೇ ನಂಬರು

ಆಟದ ರೈಲು ಅಂದರೆ ನಮ್ಮ ಮನೆಯವರಿಗೆ ಸಿಟ್ಟು ಬರುತ್ತದೆ. ಮಾದರಿ ರೈಲು ಅನ್ನಬೇಕಂತೆ. ಅದಕ್ಕೇ ನಾನು ಈಗ ಬೇಕೆಂದೇ ಆಟದ ರೈಲು ಅನ್ನುತ್ತೇನೆ, ಅದೂ ಅವರಿಗೆ ಕೇಳಿಸುವ ಹಾಗೆ. ಮೊದಲು ಹೀಗಿರಲಿಲ್ಲ. ನೆರೆಯವರು ಯಾರಾದರೂ ಹಾಗಂದರೆ ನಾನೇ ತಿದ್ದುತ್ತಿದ್ದೆ. ಹನ್ನೊಂದು ವರ್ಷ ಆ ಮೇಜಿನ ಕೆಳಗೆ ಅಂಗಾತ ಮಲಗಿ ಕೆಲಸ ಮಾಡಿದವಳು ನಾನು, ಅದನ್ನು ಆಟ ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ನಮ್ಮ ಮನೆ ಇರುವುದು ನಾಗಪುರದ ವಾಡಿಯಲ್ಲಿ, ಅಮರಾವತಿ ರಸ್ತೆಯಿಂದ ಎರಡು ತಿರುವು ಒಳಗೆ. ಹಿಂದೆ ಗೋಡೌನು, ಮುಂದೆ ಲಾರಿ ನಿಲ್ಲುವ ಬಯಲು. ನಾವಿಬ್ಬರೂ ಹುಬ್ಬಳ್ಳಿ ಕಡೆಯವರು. ಅವರಿಗೆ ರೈಲ್ವೆಯಲ್ಲಿ ನಾಗಪುರಕ್ಕೆ ವರ್ಗವಾಯಿತು. ನಾನು ಐಟಿಐ ಮುಗಿಸಿದವಳು, ಇಲ್ಲಿಯ ಆರ್ಡನನ್ಸ್ ಫ್ಯಾಕ್ಟರಿಯಲ್ಲಿ ಕೆಲಸ ಹಿಡಿದೆ. ಇಪ್ಪತ್ತೆಂಟು ವರ್ಷ ಭೂತಗನ್ನಡಿಯ ಕೆಳಗೆ ಕೂದಲೆಳೆಯಂಥ ತಂತಿಗಳಿಗೆ ಬೆಸುಗೆ ಹಾಕಿದೆ. ನಮ್ಮ ಸೆಕ್ಷನ್ನಿನಲ್ಲಿ ಪ್ರತಿಯೊಂದು ತುಂಡಿನ ಜೊತೆ ಒಂದು ಚೀಟಿ ಹೋಗುತ್ತಿತ್ತು, ಚೀಟಿಯ ಮೇಲೆ ಬೆಸುಗೆ ಹಾಕಿದವರ ನಂಬರು. ಏನಾದರೂ ಕೆಟ್ಟರೆ ಯಾರ ಕೈಯ ತಪ್ಪು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ, ಚೀಟಿ ನೋಡಿದರೆ ಸಾಕಿತ್ತು. ನನ್ನ ನಂಬರಿನ ತುಂಡು ಹಿಂದಕ್ಕೆ ಬಂದದ್ದು ನನಗೆ ನೆನಪಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರೂ ಅಡ್ಡಿಯಿಲ್ಲ.

ನಮ್ಮವರು ಕೆಲಸ ಮಾಡಿದ್ದು ಪಾರ್ಸಲ್ ಆಫೀಸಿನಲ್ಲಿ. ಗಂಟು, ಮೂಟೆ, ಬೈಕು, ಕಿತ್ತಳೆ ಹಣ್ಣಿನ ಪೆಟ್ಟಿಗೆ. ಆದರೆ ರೈಲ್ವೆಯಲ್ಲಿದ್ದಾರೆ ಅಂದ ಕೂಡಲೇ ಜನ ಅವರನ್ನು ಇಂಜಿನ್ ಡ್ರೈವರ್ ಅಂದುಕೊಳ್ಳುತ್ತಿದ್ದರು. ಅವರು ಹೌದು ಅನ್ನುತ್ತಿರಲಿಲ್ಲ, ಅಲ್ಲ ಅಂತಲೂ ಅನ್ನುತ್ತಿರಲಿಲ್ಲ, ಸುಮ್ಮನೆ ನಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ಆ ನಗು ನನಗೆ ಚೆಂದ ಕಾಣುತ್ತಿತ್ತು. ಅದರ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ.

ರೈಲಿನ ಹುಚ್ಚು ಮಾತ್ರ ಅವರಿಗೆ ನಿಜವಾಗಿಯೂ ಇತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೆಳಗಿನ ಕೋಣೆಯನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟೆವು. ಎಂಟು ಪ್ಲೈವುಡ್ ಹಲಗೆ ಸೇರಿಸಿ ಮಾಡಿದ ಉದ್ದನೆಯ ಮೇಜು, ಅದರ ಮೇಲೆ ಸ್ಟೇಷನ್ನು, ಸೇತುವೆ, ಒಂದು ಕರೆಂಟ್ ಉತ್ಪಾದನೆಯ ಸ್ಥಾವರ, ಅದಕ್ಕೆ ಕಲ್ಲಿದ್ದಲು ಒಯ್ಯುವ ಲೈನು. ಪ್ರತಿ ರವಿವಾರ ಐದಾರು ಜನ ಬರುತ್ತಿದ್ದರು, ಅದಕ್ಕೆ ಮಂಡಳಿ ಎಂದು ಹೆಸರು, ನಮ್ಮವರು ಸೆಕ್ರೆಟರಿ. ಅವರೊಳಗೆ ಇಬ್ಬರು ಮುಖ್ಯ. ಒಬ್ಬರು ನಿಜವಾಗಿಯೂ ಇಂಜಿನ್ ಓಡಿಸಿ ರಿಟೈರ್ ಆದವರು, ಮಾತು ಕಡಿಮೆ, ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದೆವು. ಇನ್ನೊಬ್ಬರು ಖಾಪರಖೇಡಾದ ಪವರ್ ಸ್ಟೇಷನ್ನಿನ ಎಂಜಿನಿಯರು. ಅವರು ಅಲ್ಲಿಂದ ಬೂದಿ ತಂದು ನಮ್ಮ ಮೇಜಿನ ಮೇಲೆ ಅಂಟಿನಿಂದ ಹರಡಿದ್ದರು, ಅದೇ ನಮ್ಮ ನೆಲ. ಎಲ್ಲರಿಗೂ ನಾನು ವಹಿನಿ, ಅಂದರೆ ಅತ್ತಿಗೆ. ‘ವಹಿನಿ, ಚಹಾ’ ಅನ್ನುವುದು ಅವರು ನನ್ನ ಜೊತೆ ಆಡುತ್ತಿದ್ದ ಮಾತುಗಳಲ್ಲಿ ಮುಕ್ಕಾಲು ಪಾಲು.

ಮೊದಲು ನಮ್ಮದು ಹಳೆಯ ಪದ್ಧತಿ. ಕರೆಂಟನ್ನು ಹಳಿಗೆ ಹೆಚ್ಚು ಕಡಿಮೆ ಮಾಡುವುದು, ಹಳಿಯ ಮೇಲೆ ಎಷ್ಟು ಇಂಜಿನ್ ಇದ್ದರೂ ಎಲ್ಲ ಒಟ್ಟಿಗೇ ಹೊರಡುವುದು. ಆಮೇಲೆ ಡಿಜಿಟಲ್ ಬಂತು. ಡಿಜಿಟಲ್ ಅಂದರೆ ಇಷ್ಟೇ: ಹಳಿಯಲ್ಲಿ ಯಾವಾಗಲೂ ಪೂರ್ತಿ ಕರೆಂಟು. ಪ್ರತಿ ಇಂಜಿನ್ನಿನ ಹೊಟ್ಟೆಯಲ್ಲಿ ಉಗುರಿನಷ್ಟು ಒಂದು ಚಿಪ್, ಚಿಪ್ಪಿಗೆ ಒಂದು ನಂಬರು. ಕೈಯಲ್ಲಿರುವ ರಿಮೋಟಿನಲ್ಲಿ ಹನ್ನೆರಡು ಒತ್ತಿ ಗುಂಡಿ ತಿರುಗಿಸಿದರೆ ಅಪ್ಪಣೆ ಹಳಿಯಗುಂಟ ಎಲ್ಲರಿಗೂ ಹೋಗುತ್ತದೆ, ಆದರೆ ಹನ್ನೆರಡನೇ ನಂಬರಿನ ಇಂಜಿನ್ ಮಾತ್ರ ಏಳುತ್ತದೆ. ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ. ಒಂದು ನಿಂತಿರುವಾಗ ಇನ್ನೊಂದು ಬರಬಹುದು, ಎರಡು ಇಂಜಿನ್ ಒಂದೇ ಲೈನಿನಲ್ಲಿ ಹಿಂದೆ ಮುಂದೆ ಹೋಗಬಹುದು.

ಎರಡೇ ವೈರು ಸಾಕು ಎಂದು ಆ ಡಿಜಿಟಲ್ ಯಂತ್ರ ಬಂದ ಪೆಟ್ಟಿಗೆಯ ಮೇಲೆ ಬರೆದಿತ್ತು. ನಮ್ಮವರು ಅದನ್ನು ಎಲ್ಲರಿಗೂ ಓದಿ ಹೇಳಿದರು. ಎರಡು ವೈರು ಸಾಕಾಗುವುದು ಪೆಟ್ಟಿಗೆಯ ಮೇಲೆ ಮಾತ್ರ. ಹಳಿ ಉದ್ದವಾದಷ್ಟು ಅಪ್ಪಣೆ ದಾರಿಯಲ್ಲೇ ಸೊರಗುತ್ತದೆ, ಆದ್ದರಿಂದ ಮೊಳಕ್ಕೊಂದು ಕಡೆ ಕೆಳಗಿನಿಂದ ವೈರು ಕೊಡಬೇಕು. ಆ ಕೆಲಸ ನನಗೆ ಬಂತು. ಯಾರೂ ಮಾಡು ಅನ್ನಲಿಲ್ಲ, ಬೇರೆ ಯಾರಿಗೂ ಬರುತ್ತಿರಲಿಲ್ಲ ಅಷ್ಟೇ. ರಜೆ ದಿನ ಮೇಜಿನ ಕೆಳಗೆ ಜಮಖಾನೆ ಹಾಸಿಕೊಂಡು ಮಲಗಿ, ಮುಖದ ಮೇಲೆ ಟಾರ್ಚ್ ಕಟ್ಟಿಕೊಂಡು ಬೆಸುಗೆ ಹಾಕುತ್ತಿದ್ದೆ. ಕಾದ ಸೀಸ ಮೊಣಕೈ ಮೇಲೆ ಹನಿದ ಕಲೆಗಳು ಇನ್ನೂ ಇವೆ. ಮುಗಿದ ಮೇಲೆ ಹಳಿಯ ಮೇಲೆ ಅಡ್ಡಡ್ಡ ಒಂದು ನಾಣ್ಯ ಇಟ್ಟು ನೋಡುವುದು. ಎಲ್ಲಿ ಇಟ್ಟರೂ ಯಂತ್ರ ತಕ್ಷಣ ಕರೆಂಟು ಕಡಿಯಬೇಕು. ಕಡಿಯದಿದ್ದರೆ ಅಲ್ಲಿಯ ಬೆಸುಗೆ ಕಚ್ಚಾ. ನಮ್ಮ ಮೇಜಿನ ಮೇಲೆ ನಾಣ್ಯ ಎಲ್ಲಿಟ್ಟರೂ ಕಡಿಯುತ್ತಿತ್ತು.

ಅಂಗಡಿಯಿಂದ ಬರುವಾಗ ನಮ್ಮ ಚಿಪ್‌ಗಳಿಗೆಲ್ಲ ಒಂದೇ ನಂಬರು, ಮೂರು. ಬಂದ ಮೇಲೆ ನಾವು ಬೇರೆ ನಂಬರು ಕೊಡಬೇಕು. ನಂಬರಷ್ಟೇ ಅಲ್ಲ, ಚಿಪ್ಪಿನೊಳಗೆ ಬೇಕಾದಷ್ಟು ಮನೆಗಳಿವೆ. ಎರಡನೇ ಮನೆಯಲ್ಲಿ ಹೊರಡುವ ಶಕ್ತಿ, ಮೂರನೆಯದರಲ್ಲಿ ಎಷ್ಟು ನಿಧಾನಕ್ಕೆ ವೇಗ ಏರಬೇಕು, ನಾಲ್ಕನೆಯದರಲ್ಲಿ ಎಷ್ಟು ನಿಧಾನಕ್ಕೆ ನಿಲ್ಲಬೇಕು. ಹೀಗೆ ಒಂದೊಂದಕ್ಕೂ ಅಂಕಿ ಬರೆಯಬೇಕು. ಹೊಸ ಇಂಜಿನ್ ಹಾಗೇ ಬಿಟ್ಟರೆ ಕಪ್ಪೆಯ ಹಾಗೆ ಹಾರಿ ಹೊರಡುತ್ತದೆ. ಅಂಕಿಗಳನ್ನು ಒಂದೊಂದಾಗಿ ಬದಲಿಸುತ್ತ, ಓಡಿಸಿ ನೋಡುತ್ತ, ಮತ್ತೆ ಬದಲಿಸುತ್ತ ಹೋದರೆ ಕೊನೆಗೊಂದು ದಿನ ಅದು ನಿಜವಾದ ತೂಕ ಎಳೆಯುವ ಹಾಗೆ, ಇಷ್ಟವಿಲ್ಲದೆ ಏಳುವ ಹಾಗೆ ಹೊರಡುತ್ತದೆ. ಕಲ್ಲಿದ್ದಲು ಎಳೆಯುವ ಇಂಜಿನ್ ಹಾಗೆ ಹೊರಟ ದಿನ ಕಾಕಾ ಬಗ್ಗಿ ಚಕ್ರ ನೋಡುತ್ತ ನಿಂತುಬಿಟ್ಟರು. ‘ಬರೋಬರ್, ಹೀಗೇ ಏಳುತ್ತದೆ’ ಅಂದರು. ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ. ನಮ್ಮವರು ನಕ್ಕರು, ಪಾರ್ಸಲ್ ಆಫೀಸಿನ ಅದೇ ನಗು. ನನಗೆ ಸ್ವಲ್ಪ ಚುಚ್ಚಿತು, ಆದರೂ ಖುಷಿಯೇ ಹೆಚ್ಚಾಗಿತ್ತು.

ಪ್ರತಿ ಇಂಜಿನ್ನಿನ ಅಂಕಿಗಳನ್ನು ನಾನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಕನ್ನಡದಲ್ಲಿ, ಕನ್ನಡದ ಅಂಕಿಗಳಲ್ಲಿ. ಫ್ಯಾಕ್ಟರಿಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ, ಹಿಂದಿ ಆಡಿ ಆಡಿ ಸಾಕಾದವಳಿಗೆ ಅದೊಂದು ಪುಸ್ತಕ ನನ್ನದು ಅನ್ನಿಸುತ್ತಿತ್ತು. ಹದಿಮೂರು ಇಂಜಿನ್ನಿಗೆ ಹದಿಮೂರು ಪುಟ.

ಇನ್ನೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇಂಜಿನ್ನಿಗೆ ನಂಬರು ಬರೆಯುವಾಗ ನಮ್ಮ ಯಂತ್ರ ನಂಬರು ಹಿಡಿದು ಕರೆಯುವುದಿಲ್ಲ. ಹೊಸದಕ್ಕೆ ಇನ್ನೂ ಹೆಸರೇ ಇಲ್ಲವಲ್ಲ. ಹಳಿಯ ಮೇಲೆ ಯಾರಿದ್ದರೂ ಸರಿ, ಬರೆದುಕೊಳ್ಳಿ ಅನ್ನುತ್ತದೆ. ಹಳಿಯ ಮೇಲೆ ಹತ್ತು ಇಂಜಿನ್ ಇದ್ದರೆ ಹತ್ತೂ ಬರೆದುಕೊಳ್ಳುತ್ತವೆ. ಅದಕ್ಕೇ ನಾನು ಎಂಟನೇ ಹಲಗೆಯ ತುದಿಯಲ್ಲಿ ಒಂದು ಗೇಣು ಹಳಿಯನ್ನು ಬೇರೆಯಾಗಿ ಹಾಕಿದ್ದೆ. ಅದಕ್ಕೆ ನಾನಿಟ್ಟ ಹೆಸರು ಕಲಿಸುವ ಹಳಿ. ಪಕ್ಕದಲ್ಲೊಂದು ಸ್ವಿಚ್. ಸ್ವಿಚ್ ಮೇಲಿದ್ದರೆ ಯಂತ್ರದ ಮಾತು ದೊಡ್ಡ ಲೈನಿಗೆ ಹೋಗುತ್ತದೆ, ಕೆಳಗಿದ್ದರೆ ಕಲಿಸುವ ಹಳಿಗೆ ಮಾತ್ರ. ಹೊಸ ಇಂಜಿನ್ ತಂದರೆ ಆ ಗೇಣು ಹಳಿಯ ಮೇಲಿಡಬೇಕು, ಸ್ವಿಚ್ ಕೆಳಗೆ ಮಾಡಬೇಕು, ಆಮೇಲೆ ರಿಮೋಟು ಮುಟ್ಟಬೇಕು. ನಮ್ಮವರಿಗೆ ನೂರು ಸಾರಿ ಹೇಳಿದ್ದೆ. ಪ್ರತಿ ಸಾರಿಯೂ ‘ಗೊತ್ತೈತಿ, ಗೊತ್ತೈತಿ’ ಅನ್ನುತ್ತಿದ್ದರು.

ನಾನು ಕೆಲಸದಿಂದ ನಿವೃತ್ತಳಾದ ವರ್ಷವೇ ಪ್ರದರ್ಶನ ಬಂತು. ಸಿವಿಲ್ ಲೈನ್ಸಿನ ಒಂದು ಸಭಾಂಗಣದಲ್ಲಿ ಎರಡು ದಿನ. ಹವ್ಯಾಸಿಗಳೆಲ್ಲ ಸೇರುವುದು, ಅಂಚೆಚೀಟಿಯವರು, ಬೋನ್ಸಾಯಿಯವರು, ಜೊತೆಗೆ ನಮ್ಮ ರೈಲು. ಎಂಟೂ ಹಲಗೆ ಬಿಚ್ಚಿ ಟೆಂಪೋದಲ್ಲಿ ಒಯ್ದು ಅಲ್ಲಿ ಕೂಡಿಸಿದೆವು. ಬಿಸಿಲಿಗೆ ಐದನೇ ಹಲಗೆಯ ಪ್ಲಗ್ಗು ಸಡಿಲಾಗಿತ್ತು. ಉದ್ಘಾಟನೆಗೆ ನಿವೃತ್ತ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಅವರು ಬರುವ ಹೊತ್ತಿಗೆ ಪ್ಲಗ್ಗು ಸರಿಮಾಡಲು ನಾನು ಮೇಜಿನ ಸುತ್ತ ಇಳಿಬಿಟ್ಟ ನೀಲಿ ಬಟ್ಟೆಯನ್ನೆತ್ತಿ ಕೆಳಗೆ ತೂರಿದೆ. ಹೊಸ ಇಳಕಲ್ ಸೀರೆ ಉಟ್ಟಿದ್ದೆ. ಅವತ್ತು ನಾನೂ ಒಂದು ರೈಲು ಓಡಿಸಬೇಕು, ನಾಲ್ಕು ಜನರ ಮುಂದೆ, ಎಂದು ಮನಸ್ಸಿನಲ್ಲಿತ್ತು. ನಮ್ಮವರಿಗೂ ಹೇಳಿದ್ದೆ. ‘ಹೂಂ, ಓಡಿಸೀಯಂತ’ ಅಂದಿದ್ದರು.

ಅತಿಥಿಗಳು ಕೈಯಲ್ಲಿ ಒಂದು ಪೆಟ್ಟಿಗೆ ಹಿಡಿದು ಬಂದರಂತೆ. ನಾನು ನೋಡಲಿಲ್ಲ, ಮಾತು ಕೇಳಿಸುತ್ತಿತ್ತು. ನಮಗೆ ಕಾಣಿಕೆ, ಹೊಸ ಇಂಜಿನ್, ಚಿಪ್ ಸಮೇತ. ಚಪ್ಪಾಳೆ ಬಿತ್ತು. ಕಾಣಿಕೆ ತೆಗೆದಿಟ್ಟು ಸಂಜೆ ಮನೆಯಲ್ಲಿ ನಂಬರು ಕೊಟ್ಟಿದ್ದರೆ ಆಗುತ್ತಿತ್ತು. ಆದರೆ ಮೈಕು ಕೈಯಲ್ಲಿದ್ದಾಗ ನಮ್ಮವರಿಗೆ ಸಂಜೆ ನೆನಪಾಗುವುದಿಲ್ಲ. ‘ಸರ್, ಈಗಲೇ ನಿಮ್ಮ ಮುಂದೆಯೇ ಇದಕ್ಕೊಂದು ನಂಬರು ಕೊಡುತ್ತೇನೆ, ನಿಮ್ಮ ಇಷ್ಟದ್ದು ಹೇಳಿ’ ಎಂದು ಹಿಂದಿಯಲ್ಲಿ ಅಂದದ್ದು ಕೇಳಿಸಿತು. ಅತಿಥಿಗಳು ಇಪ್ಪತ್ತೇಳು ಅಂದರು.

ಆಗ ನನ್ನ ತಲೆಯ ಮೇಲೆ, ಹಲಗೆಯ ಈ ತುದಿಯಿಂದ ಆ ತುದಿಯವರೆಗೆ, ಟಿಕ್ ಟಿಕ್ ಎಂದು ಸಣ್ಣ ಸದ್ದಾಯಿತು. ತಗಡಿನ ಮೇಲೆ ಮಳೆಯ ಮೊದಲ ಹನಿ ಬಿದ್ದ ಹಾಗೆ. ಇಂಜಿನ್ ಅಂಕಿ ಬರೆದುಕೊಂಡಾಗ ಆಯಿತು ಎಂದು ತಿಳಿಸಲು ಒಂದು ಕೂದಲಿನಷ್ಟು ಮಿಸುಕುತ್ತದೆ, ಆ ಸದ್ದು. ಒಂದು ಕಡೆ ಬರಬೇಕಾದ ಸದ್ದು ಎಲ್ಲ ಕಡೆಯಿಂದ ಬಂತು. ಹೊಸ ಇಂಜಿನ್ನನ್ನು ದೊಡ್ಡ ಲೈನಿನ ಮೇಲಿಟ್ಟಿದ್ದರು, ಸ್ವಿಚ್ ಮುಟ್ಟಿರಲಿಲ್ಲ. ಹದಿನಾಲ್ಕೂ ಇಪ್ಪತ್ತೇಳಾಗಿದ್ದವು.

ಗಡಬಡಿಸಿ ಏಳಲು ಹೋದೆ, ತಲೆ ಅಡ್ಡಪಟ್ಟಿಗೆ ಬಡಿಯಿತು. ಅಷ್ಟರಲ್ಲಿ ಅವರು ಗುಂಡಿ ತಿರುಗಿಸಿದರು. ಹದಿನಾಲ್ಕು ಇಂಜಿನ್ ಒಟ್ಟಿಗೆ ಹೊರಟವು, ಯಾವುದು ಯಾವ ಕಡೆ ಮುಖ ಮಾಡಿ ನಿಂತಿತ್ತೋ ಆ ಕಡೆಗೆ. ಸ್ಟೇಷನ್ನಿನಲ್ಲಿ ಎರಡು ಮುಖಾಮುಖಿ ಗುದ್ದಿಕೊಂಡವು. ಕಲ್ಲಿದ್ದಲಿನದು ಸೇತುವೆಯ ಹತ್ತಿರ ಇನ್ನೊಂದನ್ನು ತಳ್ಳಿಕೊಂಡು ಹೋಗಿ ಅಂಚಿನಿಂದ ಕೆಳಗೆ ಬಿತ್ತು, ಅತಿಥಿಗಳ ಬೂಟಿನ ಪಕ್ಕ. ನಾನು ಬಟ್ಟೆ ಸರಿಸಿ ‘ಬ್ಯಾಡ್ರಿ, ಏನೂ ಒತ್ತಬ್ಯಾಡ್ರಿ’ ಅಂದೆ. ಅವರು ಒತ್ತಿಯಾಗಿತ್ತು. ಎಂಟನೇ ಮನೆಗೆ ಎಂಟು ಎಂದು ಬರೆದರೆ ಚಿಪ್ಪಿನಲ್ಲಿರುವುದೆಲ್ಲ ಅಳಿಸಿ ಅಂಗಡಿಯಿಂದ ಬಂದ ಸ್ಥಿತಿಗೆ ಹೋಗುತ್ತದೆ. ಏನೇ ಕೆಟ್ಟರೂ ಇದನ್ನು ಮಾಡಿ ಎಂದು ಅವರು ಎಲ್ಲೋ ಓದಿದ್ದರು. ಸ್ವಿಚ್ ಇನ್ನೂ ಮೇಲೇ ಇತ್ತು. ಮತ್ತೆ ಆ ಮಳೆಹನಿಯ ಸದ್ದು. ನಂಬರಿನ ಜೊತೆ ನನ್ನ ಅಷ್ಟು ವರ್ಷದ ಅಂಕಿಗಳೆಲ್ಲ ಹೋದವು. ಮೊದಲಿನದು ತಪ್ಪು ಅನ್ನೋಣ, ಎರಡನೆಯದು ಆ ತಪ್ಪನ್ನು ಮುಚ್ಚುವ ಅವಸರ.

ಅತಿಥಿಗಳು ಏನಾಯಿತು ಎಂದು ಕೇಳಿದರು. ಸಭಾಂಗಣ ಪೂರ್ತಿ ನಮ್ಮ ಕಡೆ ನೋಡುತ್ತಿತ್ತು. ನಮ್ಮವರು ಒಮ್ಮೆ ರಿಮೋಟು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ನಾನು ಮೇಜಿನ ಕೆಳಗಿನಿಂದ ಅರ್ಧ ಹೊರಗೆ ಬಂದಿದ್ದೆ, ತಲೆಯ ತುಂಬ ಧೂಳು, ಕೈಯಲ್ಲಿ ಪ್ಲಗ್ಗಿನ ವೈರು.

‘ನಮ್ಮ ಮನೆಯವಳು ಸರ್’ ಅಂದರು, ‘ಕೆಳಗೆ ಏನೋ ವೈರು ಎಳೆದುಬಿಟ್ಟಿದ್ದಾಳೆ.’

ಅತಿಥಿಗಳು ದೊಡ್ಡ ಮನಸ್ಸಿನಿಂದ ನಕ್ಕು, ಎಲ್ಲ ಮನೆಗಳಲ್ಲೂ ಇದೇ ಕಥೆ ಅಂದರು. ಎಲ್ಲರೂ ನಕ್ಕರು. ಎಂಜಿನಿಯರು ‘ವಹಿನಿ, ಇಟ್ಟುಬಿಡಿ ಆ ವೈರು’ ಎಂದು ಮೆತ್ತಗೆ ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. ನಾನು ಸೀರೆಯ ಧೂಳು ಕೊಡವಿಕೊಂಡು ಎದ್ದೆ. ಆದರೆ ಅಷ್ಟು ಜನರ ಮುಂದೆ ಗಂಡನನ್ನು ಸುಳ್ಳ ಅನ್ನಲು ನನ್ನ ನಾಲಿಗೆ ಏಳಲಿಲ್ಲ. ಇವತ್ತಿಗೂ ನನಗೆ ಅವರ ಮೇಲಿನಷ್ಟೇ ಸಿಟ್ಟು ನನ್ನ ಆ ನಾಲಿಗೆಯ ಮೇಲೂ ಇದೆ.

ಎರಡನೇ ದಿನಕ್ಕೆ ನಿಲ್ಲದೆ ಅವತ್ತೇ ಹಲಗೆ ಬಿಚ್ಚಿ ಟೆಂಪೋದಲ್ಲಿ ಹೇರಿಕೊಂಡು ಬಂದೆವು. ಮನೆಗೆ ಬಂದು ಸೀರೆ ಬದಲಿಸಿ ಅಡುಗೆಮನೆಯಲ್ಲಿ ನಿಂತಾಗ ಕೇಳಿದೆ.

‘ಯಾಕ್ರೀ ಹಂಗ ಅಂದ್ರಿ?’

‘ಮತ್ತೇನ ಅನ್ಲಿ? ಅಷ್ಟು ಮಂದಿ ಮುಂದ ನಾನಽ ತಪ್ಪು ಮಾಡೇನಿ ಅನ್ಲೇನು?’

‘ನೀವಽ ಮಾಡೀರಿ.’

‘ಗೊತ್ತೈತಿ. ನಾ ಏನ ಇಲ್ಲ ಅಂದ್ನೇನು?’ ಅವರು ನೀರು ಕುಡಿದು ಲೋಟ ಇಟ್ಟರು. ‘ನಾ ಅಂದ್ರ ಮಂಡಳಿ ಸೆಕ್ರೆಟರಿ, ನನ್ನ ಮಾನ ಹೋಗತೈತಿ. ನೀ ಏನ ಮೆಂಬರ್ ಅಲ್ಲ ಏನಲ್ಲ. ನಿನಗೇನ ಹೋಗತೈತಿ?’

ಇದನ್ನು ಅವರು ಜಗಳಕ್ಕೆ ಹೇಳಲಿಲ್ಲ, ನಿಜವಾಗಿಯೂ ಹಾಗೆ ತಿಳಿದು ಹೇಳಿದರು. ಇಪ್ಪತ್ತೆಂಟು ವರ್ಷ ಒಂದು ತುಂಡೂ ಹಿಂದಕ್ಕೆ ಬರದ ಕೈ ನನ್ನದು, ಆ ಕೈಯನ್ನು ನಗುವ ಜನರ ಮುಂದೆ ಹಾಕಿ, ನಿನಗೇನು ಹೋಗುತ್ತದೆ ಅನ್ನುತ್ತಾರಲ್ಲ! ಮಗಳು ಪುಣೆಯಿಂದ ಫೋನ್ ಮಾಡಿದಾಗ ಹೇಳಿಕೊಂಡೆ. ‘ಅಮ್ಮಾ, ಜಾನೇ ದೋ ನಾ, ಖಿಲೌನೇ ಹೈಂ’ ಅಂದಳು. ಆಟಿಕೆ, ಬಿಟ್ಟುಬಿಡು ಅಂತ. ಬಿಡಬಹುದಿತ್ತು. ಆಟಿಕೆ ಮುರಿದದ್ದಷ್ಟೇ ಆಗಿದ್ದರೆ ಬಿಡುತ್ತಿದ್ದೆ.

ಮೂರು ದಿನ ಕಳೆದ ಮೇಲೆ ಅವರೇ ಬಂದರು. ಇಂಜಿನ್‌ಗಳೆಲ್ಲ ಕಪ್ಪೆಗಳಾಗಿದ್ದವು, ಅದೂ ಎಲ್ಲಕ್ಕೂ ಮೂರೇ ನಂಬರು. ಪುಸ್ತಕ ನನ್ನ ಹತ್ತಿರ. ಅವರಿಗೆ ಕನ್ನಡ ಓದಲು ಬರುತ್ತದೆ, ಆದರೆ ಆ ಅಂಕಿಗಳನ್ನು ಎಲ್ಲಿ ಹೇಗೆ ತುಂಬಬೇಕೆಂದು ಬರುವುದಿಲ್ಲ.

‘ನೀ ಎಲ್ಲಾ ಚಲೋ ಮಾಡಿಕೊಡು’ ಅಂದರು.

‘ಮಾಡ್ತೀನಿ. ಆದ್ರ ಮಂದಿ ಬಂದಾಗ ನೀವು ಒಂದು ಮಾತು ಹೇಳಬೇಕು. ತಪ್ಪು ನಂದಿತ್ತು, ಆಕೀದಲ್ಲ ಅಂತ. ಅಷ್ಟಽ.’

‘ಅಷ್ಟಽ ಹೌದಲ್ಲ? ಹೇಳ್ತೀನಿ. ಎಲ್ಲಾ ಇಂಜಿನ್ ಓಡಲಿ, ಆ ರವಿವಾರ ಎಲ್ಲಾರ ಮುಂದ ನಾನಽ ಹೇಳ್ತೀನಿ.’

ನಾನು ನಂಬಿದೆ. ನನಗೆ ಬೇಕಾಗಿದ್ದದ್ದು ಆ ಒಂದು ಮಾತು, ಬೇರೇನೂ ಅಲ್ಲ. ಹಾರ ಬೇಡ, ಮೈಕು ಬೇಡ, ಬೆಸುಗೆ ಯಾರದು ಅಂತ ಹೇಳುವುದೂ ಬೇಡ.

ಪುಸ್ತಕ ನೋಡಿ ಬರೆದರೆ ಮುಗಿಯಿತು ಅಂದುಕೊಂಡಿದ್ದೆ, ಆಗಲಿಲ್ಲ. ಬಿದ್ದು ಗುದ್ದಿದ ಇಂಜಿನ್‌ಗಳ ಮೋಟಾರು ಮೊದಲಿನ ಹಾಗಿರಲಿಲ್ಲ, ಹಳೆಯ ಅಂಕಿಗೆ ಒಗ್ಗುತ್ತಿರಲಿಲ್ಲ. ಹದಿನೈದು ಮಧ್ಯಾಹ್ನ ಹಿಡಿಯಿತು. ಹೊರಗೆ ಕೆಂಡದಂಥ ಬಿಸಿಲು. ಕೂಲರ್ ಹಾಕಿದರೆ ಹಸಿಗೆ ಹಳಿ ತುಕ್ಕು ಹಿಡಿಯುತ್ತದೆ, ಆದ್ದರಿಂದ ಬರೀ ಫ್ಯಾನು. ಒಂದೊಂದಾಗಿ ಕಲಿಸುವ ಹಳಿಯ ಮೇಲಿಡುವುದು, ಸ್ವಿಚ್ ಕೆಳಗೆ, ಅಂಕಿ ಬರೆಯುವುದು, ಎತ್ತಿ ದೊಡ್ಡ ಲೈನಿಗೆ ಇಡುವುದು, ಸ್ವಿಚ್ ಮೇಲೆ, ಓಡಿಸುವುದು, ಮತ್ತೆ ಎತ್ತುವುದು. ಹಳಿಯ ಮೇಲೆ ಕೂತ ಲಾರಿಯ ಧೂಳನ್ನು ದಿನಾ ಸ್ಪಿರಿಟ್ಟಿನಿಂದ ಒರೆಸುವುದು. ಕಲ್ಲಿದ್ದಲಿನ ಇಂಜಿನ್ನಿಗೇ ನಾಲ್ಕು ದಿನ ಹೋಯಿತು. ಕೊನೆಗೆ ಅದು ಮೊದಲಿಗಿಂತ ಚೆನ್ನಾಗಿ ಏಳತೊಡಗಿತು. ಕಾಣಿಕೆಯ ಇಂಜಿನ್ನಿಗೂ ಪುಸ್ತಕದಲ್ಲಿ ಒಂದು ಪುಟ ಕೊಟ್ಟೆ, ನಂಬರು ಇಪ್ಪತ್ತೇಳು. ಅದು ಅಪರಾಧ ಮಾಡಿರಲಿಲ್ಲವಲ್ಲ.

ಆ ರವಿವಾರ ಎಲ್ಲರೂ ಬಂದರು. ಹದಿನಾಲ್ಕು ಇಂಜಿನ್ ದೊಡ್ಡ ಲೈನಿನ ಮೇಲೆ ಸಾಲಾಗಿದ್ದವು. ನಮ್ಮವರು ಒಂದೊಂದನ್ನೇ ಕರೆದರು, ಒಂದೊಂದೇ ಎದ್ದು ಹೋಗಿ ಬಂತು. ನಾನು ಬೇಕೆಂದೇ ಚಹಾ ತಡಮಾಡಿದೆ. ಆ ಮಾತು ಬರುವಾಗ ಕೈಯಲ್ಲಿ ತಟ್ಟೆ ಇರಬಾರದು ಅನ್ನಿಸಿತ್ತು. ಆದರೆ ಎಷ್ಟು ಹೊತ್ತು ತಡೆಯುವುದು, ತಟ್ಟೆ ಹಿಡಿದು ಕೆಳಗಿಳಿದೆ. ಬಾಗಿಲ ಹತ್ತಿರ ಬಂದಾಗ ಕಾಕಾ ಕೇಳುತ್ತಿದ್ದರು, ಅವತ್ತು ನಿಜವಾಗಿ ಆದದ್ದೇನು ಅಂತ. ಇದಕ್ಕಿಂತ ಒಳ್ಳೆ ಹೊತ್ತು ಬೇಕೆ? ನಾನು ನಿಂತೆ. ನಮ್ಮವರು ನನ್ನನ್ನು ನೋಡಿದರು. ಆಮೇಲೆ ಆ ನಗು ನಕ್ಕರು.

‘ಏನೋ ಕಾಕಾ, ವೈರಿನದೇ ಇರಬೇಕು. ಹೋಗಲಿ ಬಿಡಿ’ ಅಂದರು ಮರಾಠಿಯಲ್ಲಿ. ‘ಪಂಧರಾ ದಿವಸ ಮೀ ಬಸೂನ್ ಸಗಳಂ ನೀಟ್ ಕೇಲಂ.’

ಹದಿನೈದು ದಿನ ನಾನು ಕೂತು ಎಲ್ಲ ಸರಿಮಾಡಿದೆ ಅಂತ. ನನ್ನ ಮುಂದೆಯೇ ಅಂದರು. ಎಂಜಿನಿಯರು ಅವರ ಬೆನ್ನು ತಟ್ಟಿದರು.

ನಾನು ತಟ್ಟೆಯನ್ನು ಸ್ಟೂಲಿನ ಮೇಲಿಟ್ಟೆ. ಅವರ ಕೈಯಿಂದ ರಿಮೋಟು ತೆಗೆದುಕೊಂಡೆ. ಅವರು ಕೊಟ್ಟರು, ಓಡಿಸಲು ಕೇಳುತ್ತಿದ್ದೇನೆ ಅಂದುಕೊಂಡಿರಬೇಕು. ಸ್ವಿಚ್ ಮೇಲಿತ್ತು, ಮೇಲೇ ಬಿಟ್ಟೆ. ಬರೆಯುವ ಗುಂಡಿ ಒತ್ತಿದೆ, ಎಂಟನೇ ಮನೆ ತೆಗೆದೆ, ಎಂಟು ಎಂದು ಬರೆದೆ. ಒಪ್ಪಿಗೆಯೇ ಎಂದು ಯಂತ್ರ ಕೇಳಿತು. ಒಂದು ಕ್ಷಣ ಕಲ್ಲಿದ್ದಲಿನ ಇಂಜಿನ್ನನ್ನು ನೋಡಿದೆ. ಆಮೇಲೆ ಒತ್ತಿದೆ.

ಟಿಕ್ ಟಿಕ್ ಟಿಕ್ ಎಂದು ಎಲ್ಲವೂ ಮಿಸುಕಿದವು. ಮೂರು ಎಂದು ಒತ್ತಿ ಗುಂಡಿಯನ್ನು ಸ್ವಲ್ಪ ತಿರುಗಿಸಿದೆ. ಹದಿನಾಲ್ಕೂ ಕಪ್ಪೆಗಳ ಹಾಗೆ ಒಟ್ಟಿಗೆ ಹಾರಿ ಹೊರಟವು. ಒಂದಕ್ಕೊಂದು ಬಡಿಯುವ ಮೊದಲೇ ನಿಲ್ಲಿಸಿದೆ.

‘ಅಬ್ ಯೇ ಮೈನೇ ಕಿಯಾ’ ಅಂದೆ, ಎಲ್ಲರಿಗೂ ತಿಳಿಯಲಿ ಎಂದು ಹಿಂದಿಯಲ್ಲಿ. ‘ಈಗ ಮಾಡಿದ್ದು ನಾನು. ಅವತ್ತು ಮಾಡಿದ್ದು ಇವರು. ವೈರಿಗೂ ಇದಕ್ಕೂ ಸಂಬಂಧವಿಲ್ಲ.’

ಇಷ್ಟು ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ ಎಂದು ನಾನು ಎಣಿಸಿದ್ದೆ. ಸ್ವಿಚ್ಚು ಕಣ್ಣ ಮುಂದಿದೆ, ಹಳಿ ಕಣ್ಣ ಮುಂದಿದೆ, ಚೀಟಿ ಓದಿದಷ್ಟು ಸುಲಭ. ಆದರೆ ಅವರು ನೋಡಿದ್ದು ಅದನ್ನಲ್ಲ. ಗಂಡ ಹದಿನೈದು ದಿನ ಕಷ್ಟಪಟ್ಟು ಸರಿಮಾಡಿದ್ದನ್ನು ಸಿಟ್ಟಿನ ಹೆಂಡತಿ ಒಂದು ಕ್ಷಣದಲ್ಲಿ ಕೆಡಿಸಿದ್ದನ್ನು ನೋಡಿದರು. ಎಂಜಿನಿಯರು ‘ವಹಿನಿಗೆ ಹುಷಾರಿಲ್ಲ ಅನ್ನಿಸುತ್ತದೆ, ಮಲಗಲಿ’ ಎಂದು ನಮ್ಮವರಿಗೆ ಹೇಳಿದರು, ನನಗಲ್ಲ. ಉಳಿದವರು ಚಪ್ಪಲಿ ಹುಡುಕತೊಡಗಿದರು. ಕಾಕಾ ಒಬ್ಬರು ಬಗ್ಗಿ ಸ್ವಿಚ್ಚನ್ನು ನೋಡಿದರು, ಅದರಿಂದ ಹೊರಟ ವೈರು ಎಲ್ಲಿ ಹೋಗುತ್ತದೆ ಎಂದು ಬೆರಳಿಟ್ಟು ನೋಡಿದರು, ಆಮೇಲೆ ನಮ್ಮವರ ಮುಖ ನೋಡಿದರು. ಅವರಿಗೆ ತಿಳಿಯಿತು, ನನಗೆ ಗೊತ್ತು. ಏನಾದರೂ ಅನ್ನುತ್ತಾರೇನೋ ಎಂದು ಕಾದೆ. ಅವರು ತಮ್ಮ ಚಹಾ ಎತ್ತಿ ನಿಂತಲ್ಲೇ ಕುಡಿದು, ಕಪ್ಪನ್ನು ತಟ್ಟೆಯಲ್ಲಿಟ್ಟು ಹೋದರು. ಅವರ ಮೇಲೂ ನನಗೆ ಸಿಟ್ಟಿದೆ.

ನನಗೆ ಖುಷಿಯಾಗಲಿಲ್ಲವೇ ಅಂದರೆ ಆಯಿತು, ಚಹಾ ಆರುವಷ್ಟು ಹೊತ್ತು. ಆಮೇಲೆ ಆ ಕೋಣೆಯಲ್ಲಿ ಕೂತು ಅತ್ತೆ. ಅಳಿಸಿದ್ದು ನನ್ನದೇ ಕೆಲಸವನ್ನಲ್ಲವೇ? ಅವರದ್ದೇನು ಹೋಯಿತು? ಅವರಂದ ಮಾತೇ ತಿರುಗಿ ನನ್ನ ಬಾಯಿಗೆ ಬಂತು.

ಈಗ ಮಂಡಳಿ ಎಂಜಿನಿಯರ ಮನೆಯಲ್ಲಿ ಸೇರುತ್ತದೆ. ನಮ್ಮ ಮೇಜಿನ ಮೇಲೆ ಹಾಸಿಗೆಯ ಚಾದರ ಹೊದಿಸಿದೆ. ಪುಸ್ತಕ ನನ್ನ ಟ್ರಂಕಿನಲ್ಲಿದೆ, ಹೊಸ ಅಂಕಿಗಳೂ ಅದರಲ್ಲಿವೆ. ಬೀಗ ಹಾಕಿಲ್ಲ. ಆ ಒಂದು ಮಾತನ್ನು ಅವರು ಜನರ ಮುಂದೆ ಬೇಡ, ಕಾಕಾ ಒಬ್ಬರ ಮುಂದೆ ಹೇಳಿದರೂ ನಾನು ಮರುದಿನವೇ ಕೆಳಗೆ ಹೋಗಿ ಕೂರುತ್ತೇನೆ. ಇದು ಅವರಿಗೂ ಗೊತ್ತು, ನಾನು ಹೇಳಿದ್ದೇನೆ. ಕೇಳಿಸಿಕೊಂಡು ಪೇಪರ್ ತಿರುವಿದರು.

ಕೆಲವು ಮಧ್ಯಾಹ್ನ ನಾನು ಮಲಗಿದ್ದೇನೆ ಅಂದುಕೊಂಡು ಅವರು ಕೆಳಗಿಳಿಯುತ್ತಾರೆ. ಚಾದರ ಸರಿಸುವ ಸದ್ದು ಬರುತ್ತದೆ. ಹದಿಮೂರನ್ನು ಎತ್ತಿಟ್ಟು ಒಂದನ್ನೇ ಓಡಿಸಬಹುದು, ಅಷ್ಟೂ ಅವರಿಗೆ ತೋಚುವುದಿಲ್ಲವೋ ಅಥವಾ ಬೇಡವೋ. ಮೂರು ಎಂದು ಒತ್ತಿ ಗುಂಡಿ ತಿರುಗಿಸುತ್ತಾರೆ. ಹದಿನಾಲ್ಕು ಒಟ್ಟಿಗೆ ಹಾರಿ ಹೊರಡುತ್ತವೆ, ಎಲ್ಲೋ ಎರಡು ಬಡಿದುಕೊಳ್ಳುತ್ತವೆ, ಕರೆಂಟು ಕಡಿಯುತ್ತದೆ. ಮತ್ತೆ ತಿರುಗಿಸುತ್ತಾರೆ. ನಾನು ಮೇಲೆ ಮಲಗಿ ಕೇಳುತ್ತೇನೆ, ಒಮ್ಮೆಯಾದರೂ ಮೆಟ್ಟಿಲು ಹತ್ತಿ ಬರುತ್ತಾರೇನೋ ಎಂದು. ಚಾದರ ಮತ್ತೆ ಹೊದಿಸುವ ಸದ್ದು ಬರುತ್ತದೆ, ಆಮೇಲೆ ಅವರು ಹೊರಗಿನ ಬಾಗಿಲು ತೆಗೆದುಕೊಂಡು ಪೇಟೆಗೆ ಹೋಗುತ್ತಾರೆ.